ಹಳೆ ಬುಲೆಟ್‌ನ ಆಯಿಲ್ ಪಂಪ್: ಕೋಲಾರದ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಮುಳಬಾಗಿಲು, ಬಂಗಾರಪೇಟೆ, ಕೆಜಿಎಫ್ ಕಡೆ ಇವತ್ತಿಗೂ ಎಷ್ಟೋ ಮನೆಗಳ ಕೊಟ್ಟಿಗೆಯಲ್ಲಿ, ಹಿತ್ತಲಲ್ಲಿ ಕಾಸ್ಟ್ ಐರನ್ ಎಂಜಿನ್‌ನ ಎನ್‌ಫೀಲ್ಡ್ ಬುಲೆಟ್‌ಗಳು ಗೋಣಿತಾಟು ಹೊದ್ದು ನಿಂತಿವೆ. ಮದ್ರಾಸಿನ ತಿರುವೊಟ್ಟಿಯೂರಿನಲ್ಲಿ ತಯಾರಾಗಿ ಹಳೆ ಮದ್ರಾಸ್ ರಸ್ತೆಯಲ್ಲೇ ನಮ್ಮೂರು ಹಾದು ಹೋದ ಗಾಡಿಗಳಿವು. ಅವನ್ನು ಮತ್ತೆ ಓಡಿಸಬೇಕೆಂದು ಹೊರಟವರು ಫೋನಿನಲ್ಲಿ, ಗ್ಯಾರೇಜಿನ ಬೆಂಚಿನ ಮೇಲೆ, ಪತ್ರದಲ್ಲಿ ನನ್ನನ್ನು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ.

## ಮೊದಲು ಗೊತ್ತಿರಬೇಕಾದದ್ದು

ನಮ್ಮ ತಾತನ ಬುಲೆಟ್‌ನಲ್ಲಿ ಆಯಿಲ್ ಪಂಪ್ ಎಲ್ಲಿದೆ? ಒಬ್ಬರು ಒಂದು ಅಂತಾರೆ, ಇನ್ನೊಬ್ಬರು ಎರಡು ಅಂತಾರೆ.

ಎರಡು. ಗಾಡಿಯ ಬಲಗಡೆ ಕೂತು ಟೈಮಿಂಗ್ ಕವರ್, ಅಂದರೆ ಎಂಜಿನ್ನಿನ ಆ ಬದಿಯ ಮುಚ್ಚಳ ನೋಡಿ. ಅದರ ಕೆಳಭಾಗದಲ್ಲಿ ಹಿಂದೊಂದು ಮುಂದೊಂದು ಚಿಕ್ಕ ಮುಚ್ಚಳ ಕಾಣುತ್ತವೆ. ಹಿಂದಿನದು ಫೀಡ್ ಪಂಪ್. ಟ್ಯಾಂಕಿನ ಎಣ್ಣೆಯನ್ನು ಫಿಲ್ಟರ್ ಮೂಲಕ ಬಿಗ್ ಎಂಡ್‌ಗೆ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವ ಬೇರಿಂಗ್‌ಗೆ) ತಳ್ಳುವುದು ಅದರ ಕೆಲಸ. ಮುಂದಿನದು ರಿಟರ್ನ್ ಪಂಪ್. ಕ್ರ್ಯಾಂಕ್‌ಕೇಸಿನ ತಳಕ್ಕೆ ಬಿದ್ದ ಎಣ್ಣೆಯನ್ನು ಅದು ಎತ್ತಿ ವಾಪಸ್ ಕಳಿಸುತ್ತದೆ, ದಾರಿಯಲ್ಲಿ ಹೆಡ್ಡಿನಲ್ಲಿ ವಾಲ್ವ್ ಒತ್ತುವ ರಾಕರ್‌ಗಳಿಗೂ ಕುಡಿಸುತ್ತದೆ. ಆಯಿಲ್ ಟ್ಯಾಂಕ್ ಬೇರೆ ಡಬ್ಬಿಯಲ್ಲ, ಕ್ರ್ಯಾಂಕ್‌ಕೇಸಿನ ಒಡಲಲ್ಲೇ ಹಿಂಬದಿಗೆ ಇದೆ. ಅದಕ್ಕೇ ಹಲವರು ಇದನ್ನು ವೆಟ್ ಸಂಪ್ (ಎಣ್ಣೆ ಕ್ರ್ಯಾಂಕ್‌ಕೇಸಿನ ತಳದಲ್ಲೇ ನಿಲ್ಲುವ) ಎಂಜಿನ್ ಎಂದು ತಪ್ಪು ತಿಳಿಯುತ್ತಾರೆ.

ಎರಡು ಪಂಪುಗಳನ್ನೂ ಒಂದೇ ಸ್ಪಿಂಡಲ್ ಓಡಿಸುತ್ತದೆ. ಆ ಸ್ಪಿಂಡಲ್ಲಿನ ಹಲ್ಲುಗಳು ಕ್ರ್ಯಾಂಕಿನ ತುದಿಯ ವರ್ಮ್ ನಟ್‌ಗೆ (ಹೊರಮೈಯಲ್ಲಿ ಸುರುಳಿ ಹಲ್ಲಿರುವ ನಟ್) ಕಚ್ಚಿಕೊಂಡಿರುತ್ತವೆ. ಕ್ರ್ಯಾಂಕ್ ಎಷ್ಟೋ ಸುತ್ತು ಸುತ್ತಿದ ಮೇಲೆ ಸ್ಪಿಂಡಲ್ ಒಂದು ಸುತ್ತು ಮುಗಿಸುತ್ತದೆ. ಇಷ್ಟು ನಿಧಾನದ ಪಂಪ್ ಇದು ಎನ್ನುವುದನ್ನು ನೆನಪಿಡಿ, ಕೊನೆಯ ಪ್ರಶ್ನೆಯಲ್ಲಿ ಬೇಕಾಗುತ್ತದೆ.

ಬಿಚ್ಚದೇನೇ ಪಂಪ್ ಕೆಲಸ ಮಾಡ್ತಿದೆಯಾ ಅಂತ ಹೇಗೆ ನೋಡೋದು?

ಈ ಗಾಡಿಯಲ್ಲಿ ಆಯಿಲ್ ಪ್ರೆಷರ್ ತೋರಿಸುವ ಮುಳ್ಳಿಲ್ಲ, ಕೆಂಪು ದೀಪವೂ ಇಲ್ಲ. ಪಂಪ್ ನಿಂತರೆ ಗೊತ್ತಾಗುವುದು ಬಿಗ್ ಎಂಡ್ ಬಡಿದುಕೊಳ್ಳಲು ಶುರುವಾದ ಮೇಲೆ. ಹಾಗಾಗಿ ಆಗಾಗ ಕೈಯಾರೆ ನೋಡಿಕೊಳ್ಳಬೇಕು. ಎಂಜಿನ್ ಬೆಚ್ಚಗಾದಾಗ ಐಡಲಿಂಗ್‌ನಲ್ಲಿ ಹೆಡ್ಡಿಗೆ ಹೋಗುವ ರಾಕರ್ ಪೈಪಿನ ಬ್ಯಾಂಜೋ ಬೋಲ್ಟನ್ನು (ಪೈಪಿನ ತುದಿ ಹಿಡಿದ, ಒಳಗೆ ಎಣ್ಣೆ ದಾರಿಯಿರುವ ಬೋಲ್ಟ್) ಅರ್ಧ ಸುತ್ತು ಸಡಿಲ ಮಾಡಿ. ಎಣ್ಣೆ ಜಿನುಗಿದರೆ ಸ್ಪಿಂಡಲ್ ತಿರುಗುತ್ತಿದೆ, ರಿಟರ್ನ್ ಪಂಪ್ ಎಣ್ಣೆ ಎತ್ತುತ್ತಿದೆ ಎಂದರ್ಥ.

ಒಂದು ಎಚ್ಚರಿಕೆ. ರಾಕರ್‌ಗೆ ಎಣ್ಣೆ ಬಂದಿತೆಂದು ಬಿಗ್ ಎಂಡ್‌ಗೂ ಬರುತ್ತಿದೆ ಎಂದುಕೊಳ್ಳಬೇಡಿ. ಅದು ರಿಟರ್ನ್ ಪಂಪಿನ ಸಾಕ್ಷಿ ಮಾತ್ರ. ಫೀಡ್ ಪೂರ್ತಿ ನಿಂತರೆ ಸ್ವಲ್ಪ ಹೊತ್ತಿಗೆ ಎತ್ತಲು ಎಣ್ಣೆಯಿಲ್ಲದೆ ರಿಟರ್ನ್ ಕೂಡ ಒಣಗುತ್ತದೆ ನಿಜ, ಆದರೆ ಅಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ.

ಆರು ತಿಂಗಳು ನಿಲ್ಲಿಸಿದ್ದೆ. ಈಗ ಕಿಕ್ ಭಾರ, ಸ್ಟಾರ್ಟ್ ಆದರೆ ಬೀದಿ ತುಂಬ ಹೊಗೆ. ಪಂಪ್ ಹೋಯ್ತಾ?

ಪೂರ್ತಿ ಹೋಗಿಲ್ಲ, ಸೋರುತ್ತಿದೆ. ನಿಂತ ಗಾಡಿಯಲ್ಲಿ ಟ್ಯಾಂಕಿನ ಎಣ್ಣೆ ಫೀಡ್ ಪಂಪಿನೊಳಗಿನ ಚಪ್ಪಟೆ ಬಿಲ್ಲೆಯ, ಅಂದರೆ ಡಿಸ್ಕಿನ ಸಂದಿನಿಂದ ಮೆಲ್ಲಗೆ ಜಾರಿ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ವಾರಗಟ್ಟಲೆ ನಿಂತರೆ ಒಳ್ಳೆ ಪಂಪಿನಲ್ಲೂ ಒಂದಿಷ್ಟು ಇಳಿಯುವುದುಂಟು. ಎರಡೇ ದಿನಕ್ಕೆ ಹೀಗಾದರೆ ಮಾತ್ರ ಡಿಸ್ಕ್ ಕೂರುತ್ತಿಲ್ಲ ಎಂದು ತಿಳಿಯಿರಿ. ಮೊದಲು ಕೆಳಗಿನ ಡ್ರೇನ್ ಬೋಲ್ಟ್ ಬಿಚ್ಚಿ ಇಳಿದ ಎಣ್ಣೆ ತೆಗೆಯಿರಿ, ಆಮೇಲೆ ಸ್ಟಾರ್ಟ್ ಮಾಡಿ. ಮಟ್ಟ ಕಮ್ಮಿ ಕಾಣಿಸಿತೆಂದು ಮೇಲಿಂದ ಇನ್ನೊಂದು ಲೀಟರ್ ಸುರಿಯಬೇಡಿ. ಒಟ್ಟು ಹಿಡಿಯುವುದೇ ಹತ್ತಿರ ಹತ್ತಿರ 2.25 ಲೀಟರ್.

ನಂದು ಯೆಜ್ಡಿ. ಅದಕ್ಕೂ ಆಯಿಲ್ ಪಂಪ್ ಸಿಗುತ್ತಾ?

ಮೈಸೂರಿನ ಐಡಿಯಲ್ ಜಾವಾ ಮಾಡಿದ ಗಾಡಿಗಳು ಟೂ ಸ್ಟ್ರೋಕ್. ಆಯಿಲ್ ಕಿಂಗ್‌ನಂಥ ಮಾದರಿ ಬಿಟ್ಟರೆ ಮಾಮೂಲಿ ಯೆಜ್ಡಿಗೆ ಎಂಜಿನ್ ಆಯಿಲ್ ಪಂಪೇ ಇಲ್ಲ, ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು. ಇಲ್ಲದ ಪಂಪನ್ನು ಮಾರಲು ಬಂದವರಿಂದ ದೂರವಿರಿ.

## ಗುರುತು ಹಿಡಿಯುವುದು

ಆರ್‌ಸಿಯಲ್ಲಿ ವರ್ಷ ಇದೆ. ಆ ವರ್ಷ ಹೇಳಿ ಪಂಪ್ ಕೇಳಿದರೆ ಸಾಕಲ್ವಾ?

ಸಾಲದು. ಆರ್‌ಸಿ ಹೇಳುವುದು ಗಾಡಿ ಹುಟ್ಟಿದ ವರ್ಷ. ನಲವತ್ತು ವರ್ಷದಲ್ಲಿ ಆ ಗಾಡಿ ಎಷ್ಟು ಕೈ ದಾಟಿದೆ, ಎಷ್ಟು ಟೈಮಿಂಗ್ ಕವರ್ ಬದಲಾಗಿದೆ ಎನ್ನುವುದನ್ನು ಅದು ಹೇಳುವುದಿಲ್ಲ. ಕ್ರ್ಯಾಂಕ್‌ಕೇಸ್ ಮೇಲೆ ಕೊರೆದ ಎಂಜಿನ್ ನಂಬರ್ ಆರ್‌ಸಿಗೆ ತಾಳೆಯಾದರೂ ಪಂಪ್ ಇರುವುದು ಕವರಿನಲ್ಲಿ, ಕವರ್ ಬೇರೆ ಗಾಡಿಯದ್ದಾಗಿರಬಹುದು.

ಎನ್‌ಫೀಲ್ಡ್ ಇಂಡಿಯಾ 1955ರಲ್ಲಿ ಶುರುವಾದಾಗ ಇಂಗ್ಲೆಂಡಿನ ರೆಡಿಚ್ ಕಾರ್ಖಾನೆಯ ವಿನ್ಯಾಸವನ್ನೇ ತಂದುಕೊಂಡಿತು. ದಶಕಗಟ್ಟಲೆ ಮೂಲ ಕ್ರಮ ಬದಲಾಗಲಿಲ್ಲ, ಅದು ನಮ್ಮ ಅದೃಷ್ಟ. ಆದರೆ ಪ್ಲಂಜರ್ (ಡಿಸ್ಕಿನೊಳಗೆ ಹೋಗಿಬರುವ ಕಡ್ಡಿ) ದಪ್ಪದಲ್ಲಿ ವ್ಯತ್ಯಾಸ ಬರುತ್ತದೆ, ಮುಂದೆ ದೊಡ್ಡ ಪಂಪುಗಳೂ ಬಂದವು. ಹಾಗಾಗಿ ವರ್ಷ ಹೇಳುವ ಬದಲು ಬಿಚ್ಚಿ, ಅಳತೆ ತೆಗೆದು, ಹಳೇ ಸಾಮಾನನ್ನೇ ಬಟ್ಟೆಯಲ್ಲಿ ಸುತ್ತಿ ಅಂಗಡಿಗೆ ಒಯ್ಯಿರಿ. ಎಂಜಿನ್, ಗೇರ್‌ಬಾಕ್ಸ್ ಒಂದೇ ಒಡಲಾಗಿ ಬಂದ ಹೊಸ ಯುಸಿಇ ಎಂಜಿನ್ನಿನ ಪಂಪ್ ಇದಕ್ಕೆ ಯಾವ ರೀತಿಯಲ್ಲೂ ಹೊಂದುವುದಿಲ್ಲ.

ಬಿಚ್ಚಿದೆ. ಡಿಸ್ಕು, ಪ್ಲಂಜರು, ಸ್ಪ್ರಿಂಗು ಎಲ್ಲಾ ಚೆನ್ನಾಗೇ ಕಾಣುತ್ತೆ. ಸವೆದಿದ್ದು ಯಾವುದು ಅಂತ ಹೇಗೆ ಗೊತ್ತಾಗುತ್ತೆ?

ಕಣ್ಣಿಗಿಂತ ಬೆರಳನ್ನು ನಂಬಿ. ಮೊದಲು ಕ್ರಮ ತಿಳಿಯೋಣ. ಸ್ಪಿಂಡಲ್ಲಿನ ಪ್ರತಿ ತುದಿಯಲ್ಲೂ ನಡುವಿನಿಂದ ಸರಿದ ಒಂದು ಗೂಟ ಇದೆ. ಪ್ಲಂಜರಿನ ಕಿವಿ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಸ್ಪಿಂಡಲ್ ತಿರುಗಿದಂತೆ ಪ್ಲಂಜರ್ ಡಿಸ್ಕಿನ ಬೋರಿನೊಳಗೆ ಹೋಗಿಬಂದು ಮಾಡುತ್ತದೆ, ಜೊತೆಗೇ ಡಿಸ್ಕನ್ನು ತೊಟ್ಟಿಲಿನಂತೆ ಅತ್ತಿತ್ತ ತೂಗುತ್ತದೆ. ಅತ್ತ ವಾಲಿದಾಗ ಡಿಸ್ಕಿನ ತೂತು ಎಣ್ಣೆ ಎಳೆಯುವ ದಾರಿಗೆ, ಇತ್ತ ವಾಲಿದಾಗ ತಳ್ಳುವ ದಾರಿಗೆ ಬರುತ್ತದೆ. ವಾಲ್ವೂ ಇಲ್ಲ, ಗೋಲಿಯೂ ಇಲ್ಲ. ಡಿಸ್ಕಿನ ಚಪ್ಪಟೆ ಮುಖ ಮತ್ತು ಕವರಿನ ಚಪ್ಪಟೆ ಪೀಠ ಒಂದಕ್ಕೊಂದು ಅಂಟಿಕೊಂಡಿದ್ದರೆ ಮಾತ್ರ ಇದೆಲ್ಲ ನಡೆಯುತ್ತದೆ. ಸ್ಪ್ರಿಂಗ್ ಒತ್ತಿ ಹಿಡಿಯುವುದು ಅದಕ್ಕೇ.

ಇನ್ನು ಪರೀಕ್ಷೆ. ಪ್ಲಂಜರಿಗೆ ಎರಡು ಹನಿ ಎಣ್ಣೆ ಹಚ್ಚಿ ಡಿಸ್ಕಿಗೆ ಸೇರಿಸಿ. ಡಿಸ್ಕಿನ ತೂತನ್ನು ಹೆಬ್ಬೆರಳಿನಿಂದ ಮುಚ್ಚಿ ಪ್ಲಂಜರ್ ಹೊರಗೆಳೆಯಿರಿ. ಬೆರಳಿನ ಚರ್ಮ ಒಳಕ್ಕೆ ಎಳೆದಂತಾಗಿ, ಕೈ ಬಿಟ್ಟ ಕೂಡಲೇ ಪ್ಲಂಜರ್ ಹಿಂದಕ್ಕೆ ಸರಿಯಬೇಕು. ಸಪ್ಪೆಯಾಗಿ ಹೊರಬಂದರೆ ಬೋರು ಸಡಿಲ. ಆಮೇಲೆ ಡಿಸ್ಕಿನ ಮುಖಕ್ಕೆ ನೀಲಿ ಮಾರ್ಕಿಂಗ್ ಬಣ್ಣ ತೆಳ್ಳಗೆ ಸವರಿ ಪೀಠದ ಮೇಲಿಟ್ಟು ಸ್ವಲ್ಪ ತಿರುಗಿಸಿ ಎತ್ತಿ. ಬಣ್ಣ ಸುತ್ತಲೂ ಒಂದೇ ಸಮ ಹತ್ತಬೇಕು. ತೂತುಗಳ ನಡುವೆ ಬಿಳಿ ಉಳಿದರೆ ಎಣ್ಣೆ ಜಾರುವ ದಾರಿ ಅದೇ.

ಕೊನೆಗೆ ಸ್ಪಿಂಡಲ್ ಹಲ್ಲು. ಒಳ್ಳೆ ಹಲ್ಲಿನ ತಲೆ ಚಪ್ಪಟೆ ಇರುತ್ತದೆ, ಸವೆದದ್ದು ಕುಡುಗೋಲಿನ ಅಲಗಿನಂತೆ ಚೂಪಾಗುತ್ತದೆ. ಚೂಪಾದ ಹಲ್ಲು ಕಂಡರೆ ಚರ್ಚೆಯೇ ಬೇಡ, ಬದಲಿಸಿ. ಅದು ಒಂದು ದಿನ ಜಾರಿತೆಂದರೆ ಎರಡು ಪಂಪುಗಳೂ ಒಟ್ಟಿಗೇ ನಿಲ್ಲುತ್ತವೆ.

ಫೀಡ್ ಪ್ಲಂಜರ್ ಸಿಕ್ಕಲಿಲ್ಲ. ರಿಟರ್ನ್‌ದೇ ಹಾಕಬಹುದಾ?

ಆಗುವುದಿಲ್ಲ. ತಳಕ್ಕೆ ಬಿದ್ದದ್ದನ್ನೆಲ್ಲ ಎತ್ತಿ, ನಡುವೆ ಗಾಳಿಯನ್ನೂ ಎಳೆಯಬೇಕಾದ್ದರಿಂದ ರಿಟರ್ನ್ ಪಂಪ್ ದೊಡ್ಡದಾಗಿಯೇ ಇರಬೇಕು. ಎರಡರ ಪ್ಲಂಜರ್ ದಪ್ಪ ಬೇರೆ. ಬಿಚ್ಚುವಾಗಲೇ ಎರಡು ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿ ಮೇಲೆ ಬರೆದಿಡಿ.

ವರ್ಮ್ ನಟ್ ಬಿಚ್ಚೋಕೇ ಬರ್ತಿಲ್ಲ. ಪೈಪ್ ಹಾಕಿ ತಿರುಗಿಸಲಾ?

ನಿಲ್ಲಿಸಿ. ಅದು ಎಡ ಮರೆಯ (ಲೆಫ್ಟ್ ಥ್ರೆಡ್) ನಟ್. ನೀವು ಬಿಚ್ಚುತ್ತಿದ್ದೇನೆ ಅಂದುಕೊಂಡು ಬಿಗಿ ಮಾಡುತ್ತಿದ್ದೀರಿ. ಇನ್ನಷ್ಟು ಬಲ ಹಾಕಿದರೆ ಕ್ರ್ಯಾಂಕಿನ ತುದಿಯ ಮರೆಯೇ ಕಿತ್ತು ಬರುತ್ತದೆ. ಆ ರಿಪೇರಿ ಪಂಪಿನ ರಿಪೇರಿಗಿಂತ ಎಷ್ಟೋ ಪಾಲು ದೊಡ್ಡದು.

ನಮ್ಮ ಹತ್ತಿರ ಮಿಲಿಟರಿ ಬಿಎಸ್‌ಎ ಇದೆ. ಇದೇ ಮಾತು ಅದಕ್ಕೂ ಅನ್ವಯಿಸುತ್ತಾ?

ಸೋರುವ ರೋಗ ಒಂದೇ, ಪಂಪ್ ಬೇರೆ. ಬಿಎಸ್‌ಎ, ನಾರ್ಟನ್ ಗಾಡಿಗಳದ್ದು ಹಲ್ಲಿನ ಚಕ್ರಗಳ ಗೇರ್ ಪಂಪ್. ಟ್ರಯಂಫ್ ಟ್ವಿನ್‌ಗಳದ್ದು ಜೋಡಿ ಪ್ಲಂಜರ್, ಕೆಳಗೆ ಗೋಲಿ ವಾಲ್ವ್. ಗೇರ್ ಪಂಪಿನಲ್ಲಿ ಚಕ್ರದ ಪಕ್ಕದ ಸಂದು ಮತ್ತು ಒಡಲಿನ ಗೀರು ನೋಡಬೇಕು, ಟ್ರಯಂಫ್‌ನಲ್ಲಿ ಮೊದಲು ಗೋಲಿ ಕೂರುವ ಜಾಗದ ಕಸ ತೆಗೆಯಬೇಕು. ಇವುಗಳ ಮರೆಗಳೆಲ್ಲ ಇಂಚಿನ ಲೆಕ್ಕದವು. ಮೆಟ್ರಿಕ್ ಬೋಲ್ಟನ್ನು ಬಲವಂತವಾಗಿ ತುರುಕಿ ಹಾಳಾದ ಎಷ್ಟೋ ಒಡಲುಗಳನ್ನು ನೋಡಿ ಸಂಕಟಪಟ್ಟಿದ್ದೇನೆ.

## ಸಾಮಾನು ಹುಡುಕುವುದು

ಕೋಲಾರದಲ್ಲೇ ಸಿಗುತ್ತಾ, ಬೆಂಗಳೂರಿಗೆ ಹೋಗಲೇಬೇಕಾ?

ಪ್ಯಾಕಿಂಗ್, ಸ್ಪ್ರಿಂಗ್, ಫಿಲ್ಟರ್ ನಮ್ಮ ಪೇಟೆಯ ಸ್ಪೇರ್ ಅಂಗಡಿಗಳಲ್ಲೇ ಸಿಗುತ್ತವೆ. ಡಿಸ್ಕ್, ಪ್ಲಂಜರ್ ಸೆಟ್ಟಿಗೆ ಬೆಂಗಳೂರಿನ ಜೆ.ಸಿ. ರಸ್ತೆ. ಹಳೇ ಟೈಮಿಂಗ್ ಕವರ್ ಪೂರ್ತಿಯಾಗಿ ಬೇಕೆಂದರೆ ಶಿವಾಜಿನಗರದ ಗುಜರಿ ಅಥವಾ ಚೆನ್ನೈನ ಪುದುಪೇಟೆ. ಬಂಗಾರಪೇಟೆಯಲ್ಲಿ ರೈಲು ಹತ್ತಿದರೆ ಚೆನ್ನೈ ದೂರವೇನಲ್ಲ, ಮದ್ರಾಸಿನಲ್ಲೇ ತಯಾರಾದ ಗಾಡಿಯಾದ್ದರಿಂದ ಅಲ್ಲಿ ಹಳೇ ಸಾಮಾನಿನ ಅನುಭವಸ್ಥರೂ ಇದ್ದಾರೆ. ದೆಹಲಿಯ ಕರೋಲ್ ಬಾಗ್ ಬುಲೆಟ್ ಸಾಮಾನಿಗೆ ದೇಶದಲ್ಲೇ ಹೆಸರಾದ ಪೇಟೆ. ಆದರೆ ಪಂಪನ್ನು ಕೈಯಲ್ಲಿ ಹಿಡಿದು ನೋಡದೆ ಕೊರಿಯರ್‌ನಲ್ಲಿ ತರಿಸುವುದು ನನಗೆ ಒಪ್ಪಿಗೆಯಿಲ್ಲ.

ಇನ್ನೊಂದು ಮೂಲವನ್ನು ಜನ ಮರೆಯುತ್ತಾರೆ. ಊರಿನ ಹಳೇ ಮೆಕ್ಯಾನಿಕ್‌ಗಳ ಮರದ ಪೆಟ್ಟಿಗೆ. ಗ್ರೀಸ್ ಕಾಗದದಲ್ಲಿ ಸುತ್ತಿಟ್ಟ, ಬಳಸದ ಹಳೇ ಸ್ಟಾಕ್ ಅಲ್ಲಿ ಸಿಕ್ಕಿದ್ದುಂಟು. ಒಂದು ಸಲ ಮುಳಬಾಗಿಲಿನಲ್ಲಿ ಹಿರಿಯರೊಬ್ಬರು ಕಾಗದ ಬಿಡಿಸಿ ಕೊಟ್ಟ ಡಿಸ್ಕಿನ ಮುಖದಲ್ಲಿ ಬಾಗಿಲ ಬೆಳಕು ಕನ್ನಡಿಯಲ್ಲಿ ಕಂಡಂತೆ ಕಂಡಿತು. ಅಂಥ ಮುಖವನ್ನು ಒಮ್ಮೆ ನೋಡಿದರೆ ಆಮೇಲೆ ಕಳಪೆಯದ್ದು ತಾನೇ ಗೊತ್ತಾಗುತ್ತದೆ. ಹೋಗುವಾಗ ದುಡ್ಡಿನ ಜೊತೆ ತಾಳ್ಮೆಯನ್ನೂ ಒಯ್ಯಿರಿ, ಕೂತು ಮಾತಾಡಿ.

ಅಂಗಡಿಯವರು ಎಲ್ಲವನ್ನೂ ಒರಿಜಿನಲ್ ಅಂತಾರೆ. ಡೂಪ್ಲಿಕೇಟ್ ಹೇಗೆ ಗುರುತಿಸೋದು?

ಪೊಟ್ಟಣದ ಮೇಲಿನ ಹೆಸರು, ಹೊಲೊಗ್ರಾಮ್ ನೋಡಿ ತೀರ್ಮಾನಿಸಬೇಡಿ, ಪೊಟ್ಟಣವನ್ನೂ ನಕಲು ಮಾಡುತ್ತಾರೆ. ಮೇಲೆ ಹೇಳಿದ ಹೆಬ್ಬೆರಳ ಪರೀಕ್ಷೆಯನ್ನು ಅಂಗಡಿಯಲ್ಲೇ ಮಾಡಿ. ಡಿಸ್ಕಿನ ಮುಖವನ್ನು ಗಾಜಿನ ಕೌಂಟರ್ ಮೇಲಿಟ್ಟು ಅಂಚು ಒತ್ತಿ ನೋಡಿ. ಕಟಕಟ ಅಲುಗಿದರೆ ಚಪ್ಪಟೆಯಿಲ್ಲ. ಮುಖದಲ್ಲಿ ಲೇತ್‌ನ ಸುರುಳಿ ಗೀರು ಉಗುರಿಗೆ ತಾಗಿದರೆ ಅದನ್ನು ಲ್ಯಾಪ್ ಮಾಡಿಯೇ ಇಲ್ಲ, ಅಂದರೆ ನುಣ್ಣಗೆ ಉಜ್ಜಿ ಸಮ ಮಾಡಿಲ್ಲ. ಪರೀಕ್ಷೆ ಮಾಡಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ. ಡಿಸ್ಕ್ ಒಂದು ಕಡೆ, ಪ್ಲಂಜರ್ ಇನ್ನೊಂದು ಕಡೆ ಕೊಳ್ಳುವುದೂ ಬೇಡ. ಅವು ಗಂಡ ಹೆಂಡತಿ ಇದ್ದಂತೆ, ಜೋಡಿಯಾಗಿಯೇ ಬರಬೇಕು. ವರ್ಮ್ ನಟ್, ಸ್ಪಿಂಡಲ್ ಮಾತೂ ಅದೇ. ಸವೆದ ವರ್ಮಿಗೆ ಹೊಸ ಸ್ಪಿಂಡಲ್ ಹಾಕಿದರೆ ಹೊಸ ಹಲ್ಲನ್ನೂ ಬೇಗ ತಿಂದುಹಾಕುತ್ತದೆ.

ದೊಡ್ಡ ಕೆಪಾಸಿಟಿ ಪಂಪ್ ಹಾಕಿದರೆ ಎಂಜಿನ್ ಜಾಸ್ತಿ ಬಾಳುತ್ತಾ?

ಹೈವೇಯಲ್ಲಿ ದಿನವಿಡೀ ಓಡಿಸುವವರಿಗೆ ಒಳ್ಳೆಯದು. ಇಂಗ್ಲೆಂಡಿನ ಹಿಚ್‌ಕಾಕ್ಸ್‌ನಂಥ ಎನ್‌ಫೀಲ್ಡ್ ಸಾಮಾನಿನವರು ಇಂಥ ಸೆಟ್ ಮಾರುತ್ತಾರೆ. ಆದರೆ ಫೀಡ್ ಮಾತ್ರ ದೊಡ್ಡದು ಮಾಡಿ ರಿಟರ್ನ್ ಹಳೆಯದೇ ಬಿಟ್ಟರೆ ಕ್ರ್ಯಾಂಕ್‌ಕೇಸಿನಲ್ಲಿ ಎಣ್ಣೆ ನಿಂತು ಹೊಗೆ, ಸೋರಿಕೆ ಶುರುವಾಗುತ್ತದೆ. ಎರಡನ್ನೂ ಬದಲಿಸಬೇಕು. ಭಾನುವಾರ ಅಂತರಗಂಗೆವರೆಗೆ ಹೋಗಿಬರುವ ಗಾಡಿಗೆ ಸರಿಯಾಗಿ ಕೂತ ಮಾಮೂಲಿ ಪಂಪ್ ಧಾರಾಳ ಸಾಕು.

ಕೆಜಿಎಫ್‌ನಲ್ಲಿ ಒಳ್ಳೆ ಟರ್ನರ್‌ಗಳಿದ್ದಾರಂತೆ. ಅಲ್ಲೇ ಮಾಡಿಸಬಹುದಾ?

ಮಾಡಿಸಬಹುದು, ಆದರೆ ಎಲ್ಲವನ್ನೂ ಅಲ್ಲ. ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಗಣಿಯ ವರ್ಕ್‌ಶಾಪುಗಳು, ಬೆಮೆಲ್ ಕಾರ್ಖಾನೆ ಪಳಗಿಸಿದ ಕೈಗಳು ಆ ಊರಿನಲ್ಲಿ ಇನ್ನೂ ಇವೆ. ಪ್ಲಂಜರನ್ನು ಬೋರಿನ ಅಳತೆಗೆ ತಕ್ಕಂತೆ ಗ್ರೈಂಡ್ ಮಾಡಿಸುವುದು, ಸ್ಪಿಂಡಲ್ ಓಡುವ ಜಾಗ ಸವೆದಿದ್ದರೆ ಕಂಚಿನ ಬುಶ್ ಕೂರಿಸುವುದು, ಪೀಠವನ್ನು ಸಮ ಮಾಡಿಸುವುದು ಇವೆಲ್ಲ ಅಲ್ಲಿ ಧೈರ್ಯವಾಗಿ ಕೊಡಬಹುದಾದ ಕೆಲಸ. ವರ್ಮ್ ಮತ್ತು ಸ್ಪಿಂಡಲ್ ಹಲ್ಲು ಕೊರೆಸುವುದು ಬೇಡ. ಹಲ್ಲಿನ ಓರೆ, ಉಕ್ಕಿನ ಜಾತಿ, ಗಡಸು ಮಾಡುವ ಹದ ಮೂರೂ ಕೂಡಿಬರಬೇಕು, ಒಂದು ತಪ್ಪಿದರೂ ಒಂದು ಇನ್ನೊಂದನ್ನು ಅರೆಯುತ್ತದೆ.

ಟರ್ನರ್ ಹತ್ತಿರ ಹೋಗುವಾಗ "ಟೈಟಾಗಿ ಮಾಡಿ" ಎನ್ನಬೇಡಿ. ಎಣ್ಣೆ ಹಚ್ಚಿದ ಪ್ಲಂಜರ್ ತನ್ನ ಭಾರಕ್ಕೇ ಮೆಲ್ಲಗೆ ಇಳಿಯಬೇಕು, ಆದರೆ ತೂತು ಮುಚ್ಚಿದರೆ ನಿಲ್ಲಬೇಕು ಎನ್ನಿ. ಕೈಗಾರಿಕೆ ಬಲ್ಲವರಿಗೆ ಅಷ್ಟು ಮಾತು ಸಾಕು.

## ಕೈ ಪಳಗಿದವರಿಗೆ

ಡಿಸ್ಕ್ ನಾನೇ ಲ್ಯಾಪ್ ಮಾಡ್ತೀನಿ. ವಾಲ್ವ್ ಪೇಸ್ಟ್ ಸಾಕಾ?

ವಾಲ್ವಿಗೆ ಬಳಸುವ ದಪ್ಪ ಪೇಸ್ಟ್ ಬೇಡವೇ ಬೇಡ. ಅತಿ ನುಣುಪಿನ ಪೇಸ್ಟ್, ಕೊನೆಯ ಕೈಗೆ ಹಿತ್ತಾಳೆ ಪಾತ್ರೆ ಉಜ್ಜುವ ಪಾಲಿಶ್. ಮೊದಲು ಡಿಸ್ಕನ್ನು ದಪ್ಪ ಗಾಜಿನ ಮೇಲೆ ಎಂಟರ ಆಕಾರದಲ್ಲಿ ಆಡಿಸಿ ಚಪ್ಪಟೆ ಮಾಡಿ. ಬೆರಳ ಭಾರ ಮಾತ್ರ, ಒತ್ತಬಾರದು. ಇಪ್ಪತ್ತು ಸಲಕ್ಕೊಮ್ಮೆ ಡಿಸ್ಕನ್ನು ಕಾಲು ಸುತ್ತು ತಿರುಗಿಸಿ ಹಿಡಿಯಿರಿ, ಇಲ್ಲದಿದ್ದರೆ ನಿಮ್ಮ ಕೈ ವಾಲಿದ ಕಡೆಗೇ ಅದೂ ವಾಲುತ್ತದೆ. ಆಮೇಲೆ ಅದರ ಪೀಠದ ಮೇಲಿಟ್ಟು ಅತ್ತಿತ್ತ ತೂಗಿ. ಮಬ್ಬು ಬೂದು ಬಣ್ಣ ಸುತ್ತಲೂ ಒಂದೇ ಸಮ ಬಂದರೆ ಮುಗಿಯಿತು.

ಲ್ಯಾಪ್ ಮಾಡುವುದಕ್ಕಿಂತ ತೊಳೆಯುವುದಕ್ಕೆ ಹೆಚ್ಚು ಹೊತ್ತು ಕೊಡಿ. ಸೀಮೆಎಣ್ಣೆ, ಆಮೇಲೆ ಪೆಟ್ರೋಲ್, ಆಮೇಲೆ ಗಾಳಿ. ಕವರಿನ ಪ್ರತಿ ಎಣ್ಣೆ ದಾರಿಯನ್ನೂ ಊದಿಸಿ. ಒಳಗುಳಿದ ಒಂದು ಚಿಟಿಕೆ ಪೇಸ್ಟ್ ನೇರವಾಗಿ ಬಿಗ್ ಎಂಡ್‌ಗೆ ಹೋಗುತ್ತದೆ. ಈ ಡಿಸ್ಕ್ ಇನ್ನು ಮೇಲೆ ಈ ಪೀಠದ್ದೇ, ಮುಂದಿನದನ್ನು ಹಿಂದಕ್ಕೆ ಬದಲಿಸಬೇಡಿ.

ಎಲ್ಲಾ ಹೊಸದು ಹಾಕಿದೆ, ಆದರೂ ಎಣ್ಣೆ ಬರ್ತಿಲ್ಲ. ಪಂಪ್ ವಾಪಸ್ ಕೊಡಲಾ?

ಕೊಡುವ ಮೊದಲು ಟೈಮಿಂಗ್ ಕವರ್ ಮತ್ತೆ ಬಿಚ್ಚಿ ಪ್ಯಾಕಿಂಗ್ ನೋಡಿ. ಕೆಲವು ವರ್ಷದ ಹಿಂದೆ ನನ್ನ 350ಕ್ಕೆ ಹೀಗೇ ಆಯಿತು. ಡಿಸ್ಕ್ ಹೊಸದು, ಸ್ಪಿಂಡಲ್ ಹೊಸದು, ರಾಕರಿಗೆ ಹನಿ ಎಣ್ಣೆಯಿಲ್ಲ. ಅಂಗಡಿಯವನ ಮೇಲೆ ಕೋಪ ಬಂತು. ರಾತ್ರಿ ಕವರ್ ತೆಗೆದು ಬಲ್ಬಿನ ಕೆಳಗೆ ಹಿಡಿದಾಗ ಕಂಡಿತು. ನಾನೇ ಕಾಗದದಲ್ಲಿ ಕತ್ತರಿಸಿದ ಪ್ಯಾಕಿಂಗ್‌ನಲ್ಲಿ ಒಂದು ಎಣ್ಣೆ ದಾರಿಗೆ ತೂತೇ ಹೊಡೆದಿರಲಿಲ್ಲ. ಆ ಜಾಗದಲ್ಲಿ ಕಾಗದದ ಮೇಲೆ ತೂತಿನ ಗುಂಡು ಅಚ್ಚು ಒತ್ತಿ ಮೂಡಿತ್ತು. ಟ್ಯಾಂಕಿನಿಂದ ಕವರಿಗೆ, ಕವರಿನಿಂದ ವಾಪಸ್, ಎಣ್ಣೆ ದಾಟುವುದೆಲ್ಲ ಆ ಪ್ಯಾಕಿಂಗ್ ತೂತುಗಳ ಮೂಲಕವೇ. ಅಂದಿನಿಂದ ಪ್ಯಾಕಿಂಗನ್ನು ಎರಡೂ ಮುಖಗಳ ಮೇಲಿಟ್ಟು ತೂತು ಎಣಿಸದೆ ಕವರ್ ಹಾಕುವುದಿಲ್ಲ.

ಎರಡನೆಯದು, ಕ್ರ್ಯಾಂಕಿನ ತುದಿಗೆ ಎಣ್ಣೆ ಹೋಗುವಲ್ಲಿ ಕವರಿನೊಳಗೆ ಕೂರುವ ಚಿಕ್ಕ ಕಾರ್ಕ್ ಸೀಲ್. ಅದು ಒಣಗಿ ಚೂರಾಗಿದ್ದರೆ ಅಥವಾ ಹಾಕುವುದೇ ಮರೆತಿದ್ದರೆ ಫೀಡ್ ಪಂಪ್ ತಳ್ಳಿದ ಎಣ್ಣೆ ಬಿಗ್ ಎಂಡ್‌ಗೆ ಹೋಗದೆ ಟೈಮಿಂಗ್ ಕೋಣೆಗೇ ಚೆಲ್ಲುತ್ತದೆ. ರಾಕರಿಗೆ ಎಣ್ಣೆ ಬರುತ್ತಲೇ ಇರುತ್ತದೆ, ನೋಡಿದವರಿಗೆ ಎಲ್ಲ ಸರಿ ಎನಿಸುತ್ತದೆ. ಈ ಗಾಡಿಯಲ್ಲಿ ನಾನು ಅತಿ ಹೆಚ್ಚು ಹೆದರುವ ತಪ್ಪು ಇದೇ. ಕವರ್ ತೆಗೆದಾಗಲೆಲ್ಲ ಹೊಸ ಸೀಲ್ ಹಾಕಿ.

ಆರ್‌ಎಕ್ಸ್ 100ರ ಪಂಪ್ ತೆಗೆದು ಬ್ಲಾಕ್ ಮಾಡಿ ಅಂತ ಹುಡುಗರು ಹೇಳ್ತಾರೆ. ಮಾಡಲಾ?

ಪಂಪ್ ಕೆಟ್ಟಿದ್ದು, ಸಾಮಾನು ಸಿಗುವವರೆಗೆ ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವುದು ಸರಿ. ಚೆನ್ನಾಗಿರುವ ಪಂಪ್ ಕಿತ್ತು ಬಿಸಾಡುವುದು ತಪ್ಪು. ಯಮಹಾದ ಆಟೋಲೂಬ್ ಪಂಪ್ ಎಂಜಿನ್ ವೇಗದ ಜೊತೆಗೆ ಕೇಬಲ್ ಮೂಲಕ ಥ್ರಾಟಲನ್ನೂ ನೋಡಿ ಎಣ್ಣೆ ಬಿಡುತ್ತದೆ. ಬಹಳಷ್ಟು ಸಲ ದೋಷ ಪಂಪಿನದ್ದಲ್ಲ. ಕೇಬಲ್ ಸಡಿಲವಾಗಿ ಗುರುತು ತಪ್ಪಿರುತ್ತದೆ, ಇಲ್ಲವೇ ಪೈಪಿನಲ್ಲಿ ಗಾಳಿ ಸಿಕ್ಕಿರುತ್ತದೆ. ಬ್ಲೀಡ್ ಸ್ಕ್ರೂ ಬಿಚ್ಚಿ ಗುಳ್ಳೆ ನಿಲ್ಲುವವರೆಗೆ ಎಣ್ಣೆ ಹರಿಸಿ ನೋಡಿ. ಆರ್‌ಡಿ 350 ಇಟ್ಟುಕೊಂಡವರು ಪಂಪಿನ ಕನಿಷ್ಠ ಸ್ಟ್ರೋಕ್ 0.20ರಿಂದ 0.25 ಮಿ.ಮೀ. ಇದೆಯೇ ಎಂದು ಫೀಲರ್ ಗೇಜಿನಲ್ಲಿ ಅಳೆಯಬೇಕು, ಹೆಚ್ಚುಕಮ್ಮಿಯಾದರೆ ಶಿಮ್ ಬದಲಿಸಬೇಕು.

ಪಂಪ್ ಕೂರಿಸಿದ್ದಾಯ್ತು. ಸ್ಟಾರ್ಟ್ ಮಾಡಲಾ?

ಇನ್ನೂ ಬೇಡ. ಪಂಪ್ ನಿಧಾನದ್ದು, ದಾರಿಯೆಲ್ಲ ಒಣಗಿದೆ. ಡಿಸ್ಕ್ ಕೂರಿಸುವಾಗಲೇ ಪಂಪ್ ಕೋಣೆಗೆ ಎಣ್ಣೆ ತುಂಬಿರಬೇಕು. ಫಿಲ್ಟರ್ ಮುಚ್ಚಳ ತೆಗೆದು ಆ ಕೋಣೆಯನ್ನೂ ಅಂಚಿನವರೆಗೆ ತುಂಬಿ, ಗಾಳಿಗುಳ್ಳೆ ಏಳುವುದು ನಿಂತ ಮೇಲೆ ಮುಚ್ಚಿ. ಸ್ಪಾರ್ಕ್ ಪ್ಲಗ್ ಬಿಚ್ಚಿ, ರಾಕರ್ ಬ್ಯಾಂಜೋ ಸಡಿಲ ಮಾಡಿ, ಕಿಕ್ ಹೊಡೆಯುತ್ತಾ ಹೋಗಿ. ನಲವತ್ತು, ಐವತ್ತು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಕಾಲು ಸೋತರೆ ಸೆಂಟರ್ ಸ್ಟ್ಯಾಂಡ್ ಹಾಕಿ ಟಾಪ್ ಗೇರಿನಲ್ಲಿ ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಬ್ಯಾಂಜೋ ಹತ್ತಿರ ಮೊದಲು ಗಾಳಿ ಬೆರೆತ ನೊರೆ ಕಾಣುತ್ತದೆ, ಆಮೇಲೆ ಒಂದು ಹನಿ ತುಂಬಿಕೊಂಡು ಬಂದು ಫಿನ್ ಮೇಲೆ ಇಳಿಯುತ್ತದೆ. ಆ ಹನಿ ಕಂಡ ಮೇಲೆ ಬ್ಯಾಂಜೋ ಬಿಗಿ ಮಾಡಿ, ಪ್ಲಗ್ ಹಾಕಿ, ಕಿಕ್ ಹೊಡೆಯಿರಿ.